ಐಟಿ ಕೆಲಸ ಯಾರಿಗೆ ಕೊಡೋಣ? ರಾಯಚೂರು ಭಾಗದ ವ್ಯಾಪಾರಿಗಳಿಗೆ ಒಂದು ಹೋಲಿಕೆ

ಗಂಜ್‌ನ ಅಡತಿ ಅಂಗಡಿ, ಹತ್ತಿ ಜಿನ್ನಿಂಗ್ ಮಿಲ್ಲು, ಸಿಂಧನೂರು–ಮಾನ್ವಿ ಕಡೆಯ ರೈಸ್ ಮಿಲ್ಲು. ಇವುಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಮೊದಲೆಲ್ಲ ಮಾಲೀಕರು ನನ್ನನ್ನು ತೆರಿಗೆ ಬಗ್ಗೆ ಮಾತ್ರ ಕೇಳುತ್ತಿದ್ದರು. ಈಗ ಎರಡು ಮೂರು ಕೊಟೇಶನ್ ಮುಂದಿಟ್ಟು, "ಕಂಪ್ಯೂಟರು, ನೆಟ್ಟು, ಲೆಕ್ಕ ಬರೆಯೋ ಟ್ಯಾಲಿ ಎಲ್ಲಾ ನೋಡ್ಕೊಳ್ಳೋಕೆ ಇವರಲ್ಲಿ ಯಾರಿಗೆ ಕೊಡೋಣ?" ಅಂತ ಕೇಳುತ್ತಾರೆ.

ಕೊಟೇಶನ್ ಕೈಗೆ ಬಂದರೆ ಕಣ್ಣು ನೇರ ಕೊನೆಯ ಮೊತ್ತಕ್ಕೆ ಹೋಗುತ್ತದೆ. ನಾನು ಬೇರೆ ಪ್ರಶ್ನೆಯಿಂದ ಶುರು ಮಾಡಿ ಅನ್ನುತ್ತೇನೆ. ಮುಂದಿನ ವರ್ಷ ಇವರನ್ನು ಬಿಡಬೇಕಾಗಿ ಬಂದರೆ ನಿಮ್ಮ ಡೇಟಾ, ಪಾಸ್‌ವರ್ಡ್, ಲೈಸೆನ್ಸ್ ಎಲ್ಲಾ ನಿಮ್ಮ ಕೈಲೇ ಇರುತ್ತಾ? ಇದಕ್ಕೆ ಕೂಡಲೇ ಹೌದು ಅಂದು, ಬರೆದೂ ಕೊಡುವ ಕಂಪನಿ ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ತಡವರಿಸುವವರು ಎಷ್ಟು ಅಗ್ಗವಾದರೂ ಬೇಡ. ಮುಂದೆ ಹೇಳುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಒಂದು ದಿನ ನಿಂತರೆ ಎಷ್ಟು ನಷ್ಟ?

ಕಂಪನಿಗಳನ್ನು ಹೋಲಿಸುವ ಮೊದಲು ನಿಮ್ಮ ಕಡೆಯ ಲೆಕ್ಕ ನಿಮಗೆ ಗೊತ್ತಿರಬೇಕು. ಹತ್ತಿ ಜೋರಾಗಿ ಬರುವ ನವೆಂಬರ್‌ನಲ್ಲಿ ಬೇಲ್ ತುಂಬಿದ ಲಾರಿ ಮಿಲ್ಲಿನ ಅಂಗಳದಲ್ಲಿ ನಿಂತಿರುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಇನ್ನೊಬ್ಬ ವ್ಯಾಪಾರಿಗೆ ತೆರಿಗೆ ಇರುವ ಮಾಲು ಮಾರಿದರೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲು) ಕಡ್ಡಾಯ. ಮಾಲಿನ ಬೆಲೆ 50 ಸಾವಿರ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ರಹದಾರಿ) ಕೂಡ ಬೇಕು. ಆ ಹೊತ್ತಿಗೆ ಸಿಸ್ಟಮ್ ಕೈಕೊಟ್ಟರೆ ಲಾರಿ ಗೇಟು ದಾಟುವುದಿಲ್ಲ. ಡ್ರೈವರ್ ಕಾದಿದ್ದಕ್ಕೆ ಹಾಲ್ಟಿಂಗ್ ದುಡ್ಡು ಕೇಳುತ್ತಾನೆ. ಕೊಂಡವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಅದೇ ಮಿಲ್ಲಿಗೆ ಜುಲೈನಲ್ಲಿ ಎರಡು ದಿನ ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ.

ಹಾಗಾಗಿ "24 ಗಂಟೆಯಲ್ಲಿ ಬಂದು ನೋಡುತ್ತೇವೆ" ಅನ್ನುವ ಮಾತನ್ನು ಹಾಗೇ ಒಪ್ಪಬೇಡಿ. ಹಂಗಾಮಿನಲ್ಲಿ ಎಷ್ಟು ಹೊತ್ತಿಗೆ, ಬಿಡುವಿನ ಕಾಲದಲ್ಲಿ ಎಷ್ಟು ಹೊತ್ತಿಗೆ ಅಂತ ಎರಡು ಬೇರೆ ಬೇರೆ ಸಮಯ ಬರೆಸಿಕೊಳ್ಳಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ 11ನೇ ತಾರೀಕು ಜಿಎಸ್‌ಟಿಆರ್-1 (ಮಾರಾಟದ ವಿವರ), 20ನೇ ತಾರೀಕು 3ಬಿ (ತೆರಿಗೆ ಕಟ್ಟುವ ರಿಟರ್ನ್) ಇರುತ್ತದೆ. ಆ ತಾರೀಕುಗಳ ಹಿಂದಿನ ಎರಡು ದಿನವನ್ನೂ ಹಂಗಾಮಿನ ಲೆಕ್ಕಕ್ಕೇ ಸೇರಿಸಿ. ನಮ್ಮ ಕಡೆಯ ವ್ಯಾಪಾರ ಹನ್ನೆರಡು ತಿಂಗಳೂ ಒಂದೇ ಸಮ ನಡೆಯುವುದಿಲ್ಲ, ಅಲ್ವಾ? ಒಪ್ಪಂದವೂ ಹಾಗೇ ಇರಬೇಕು.

ನಾಲ್ಕು ದಾರಿ

ಮೊದಲನೆಯದು ಊರಿನ ಕಂಪ್ಯೂಟರ್ ಅಂಗಡಿ. ಕೆಟ್ಟಾಗ ಕರೆಯಿರಿ, ಬಂದು ಸರಿ ಮಾಡುತ್ತಾರೆ, ಆಗಿನ ಕೆಲಸಕ್ಕೆ ಆಗಿನ ದುಡ್ಡು. ಒಂದೆರಡು ಕಂಪ್ಯೂಟರ್, ಒಂದು ಪ್ರಿಂಟರ್ ಇರುವ ಅಡತಿ ಅಂಗಡಿಗೆ ಇದು ಸಾಕು. ಅಂಥವರಿಗೆ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಮಾರಲು ಬಂದವರಿಗೆ ಬೇಡ ಅನ್ನಬಹುದು. ಆದರೆ ಕೆಡುವ ಮೊದಲೇ ನೋಡುವ ಕೆಲಸ ಇವರದಲ್ಲ. ಬ್ಯಾಕಪ್ ಆಗುತ್ತಿದೆಯಾ, ಆ್ಯಂಟಿವೈರಸ್ ಅವಧಿ ಮುಗಿದಿದೆಯಾ ಅನ್ನುವುದನ್ನು ನೀವೇ ನೋಡಬೇಕು.

ಎರಡನೆಯದು ರಾಯಚೂರಿನ ಅಥವಾ ಸಿಂಧನೂರಿನ ಸಣ್ಣ ಐಟಿ ಕಂಪನಿಗೆ ವರ್ಷದ ಎಎಂಸಿ ಕೊಡುವುದು. ಇವರ ದೊಡ್ಡ ಬಲ ಅಂದರೆ ಬೈಕ್ ಹತ್ತಿ ಬರುತ್ತಾರೆ. ರಾಯಚೂರಿನಿಂದ ಸಿಂಧನೂರಿಗೇ ಒಂದೂವರೆ ಎರಡು ಗಂಟೆ ದಾರಿ. ಹಾಗಾಗಿ ನಿಮ್ಮ ಮಿಲ್ಲು ಇರುವ ತಾಲೂಕಿನಲ್ಲಿ ಅವರ ಹುಡುಗ ಇದ್ದಾನಾ ಅಂತ ಮೊದಲು ಕೇಳಿ. ವೇಬ್ರಿಡ್ಜ್‌ನ ಕೇಬಲ್ಲು, ಬಿಲ್ಲಿಂಗ್ ಪ್ರಿಂಟರ್, ಸಿಸಿಟಿವಿ, ಗೇಟಿನ ಹತ್ತಿರದ ವೈಫೈ, ಇವೆಲ್ಲ ಕೈಯಲ್ಲಿ ಮುಟ್ಟಿ ಮಾಡುವ ಕೆಲಸ. ಇದನ್ನು ದೂರದಿಂದ ಮಾಡೋಕಾಗುವುದಿಲ್ಲ. ಇವರ ಕೊರತೆ ಜನರದ್ದು. ಮಾಲೀಕ, ಜೊತೆಗೆ ಇಬ್ಬರು ಮೂವರು ಹುಡುಗರು. ಅವರಲ್ಲಿ ಚುರುಕಾದವನು ಬೆಂಗಳೂರಿಗೋ ಹೈದರಾಬಾದಿಗೋ ಹೋದರೆ ನಿಮ್ಮ ನೆಟ್‌ವರ್ಕ್ ಹೇಗಿದೆ ಅನ್ನುವ ಮಾಹಿತಿಯೂ ಅವನ ಜೊತೆ ಹೋಗುತ್ತದೆ. ಆದ್ದರಿಂದ ನಿಮ್ಮ ವ್ಯವಸ್ಥೆಯ ನಕ್ಷೆ ಕಾಗದದ ಮೇಲೆ ಇದೆಯಾ ಅಂತ ಕೇಳಲೇಬೇಕು. ಯಾವ ಕಂಪ್ಯೂಟರ್ ಎಲ್ಲಿದೆ, ರೌಟರ್ ಯಾವುದು, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಇಷ್ಟಿದ್ದರೆ ಸಾಕು.

ಮೂರನೆಯದು ಬೆಂಗಳೂರು ಅಥವಾ ಹೈದರಾಬಾದಿನ ಕಂಪನಿ. ಇವರಲ್ಲಿ ಜನ ಜಾಸ್ತಿ, ಪ್ರತಿ ದೂರಿಗೂ ಟಿಕೆಟ್ ನಂಬರ್ ಕೊಡುತ್ತಾರೆ, ರಾತ್ರಿ ಹತ್ತಕ್ಕೂ ಫೋನ್ ಎತ್ತುತ್ತಾರೆ. ಬ್ಯಾಕಪ್, ಭದ್ರತೆ, ಇಮೇಲ್, ಕ್ಲೌಡ್ ಸರ್ವರ್, ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಕೈ ಪಳಗಿರುತ್ತದೆ. ಆದರೆ ಹಾರ್ಡ್‌ವೇರ್ ಕೆಟ್ಟರೆ ಬೆಂಗಳೂರಿನವರು ರಾತ್ರಿ ಬಸ್ಸು ಹತ್ತಬೇಕು, ಹೈದರಾಬಾದಿನವರಿಗೂ ನಾಲ್ಕೈದು ಗಂಟೆ ಬೇಕು. ಹೆಚ್ಚಿನವರು ಬರುವುದೇ ಇಲ್ಲ. ಇಲ್ಲಿನ ಯಾರಿಗೋ ಫೋನ್ ಮಾಡಿ ಕಳಿಸುತ್ತಾರೆ. ಆ ಇಲ್ಲಿನವರು ಯಾರು ಅನ್ನುವುದನ್ನು ಮೊದಲೇ ಹೆಸರು ಸಮೇತ ತಿಳಿದುಕೊಳ್ಳಿ. ಭಾಷೆಯ ಕಡೆಗೂ ಗಮನ ಇರಲಿ. ಬಿಲ್ ಹಾಕುವ ಗುಮಾಸ್ತನಿಗೆ ಕನ್ನಡದಲ್ಲಿ ಸಮಸ್ಯೆ ಹೇಳಲು ಆಗದಿದ್ದರೆ ಅವನು ಸಹಾಯವಾಣಿಗೆ ಫೋನ್ ಮಾಡುವುದನ್ನೇ ಬಿಡುತ್ತಾನೆ. ಸಣ್ಣ ತೊಂದರೆ ಸುಮ್ನೆ ಬೆಳೆಯುತ್ತಾ ಹೋಗುತ್ತದೆ.

ನಾಲ್ಕನೆಯದು ಸ್ವಂತಕ್ಕೆ ಒಬ್ಬನನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು. ಐವತ್ತು ಕಂಪ್ಯೂಟರಿನ ಆಸ್ಪತ್ರೆಗೋ ಕಾಲೇಜಿಗೋ ಇದು ಸರಿ. ಹತ್ತು ಕಂಪ್ಯೂಟರಿನ ಮಿಲ್ಲಿಗೆ ಹೊಂದುವುದಿಲ್ಲ. ಅವನಿಗೆ ದಿನವೂ ಐಟಿ ಕೆಲಸ ಇರುವುದಿಲ್ಲ. ಬ್ಯಾಂಕಿಗೆ ಹೋಗು, ಲಾರಿ ಲೋಡ್ ನೋಡು ಅಂತ ಬೇರೆ ಕೆಲಸ ಹಚ್ಚುತ್ತೀರಿ. ಅವನು ಬೇಸತ್ತು ಬಿಡುತ್ತಾನೆ.

ಹತ್ತರಿಂದ ಮೂವತ್ತು ಕಂಪ್ಯೂಟರ್ ಇರುವವರಿಗೆ ನಾನು ಹೇಳುವುದು ಎರಡನ್ನೂ ಸೇರಿಸಿದ ದಾರಿ. ಮುಟ್ಟಿ ಮಾಡುವ ಕೆಲಸ ಊರಿನವರಿಗೆ, ಬ್ಯಾಕಪ್ ಮತ್ತು ಭದ್ರತೆ ಹೊರಗಿನವರಿಗೆ. ಕೊಟೇಶನ್ ಎರಡಾಗುತ್ತದೆ, ನಿಜ. ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತಿರುತ್ತಾರೆ. ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಇರುತ್ತಾರೆ. ಒಂದೇ ಎಚ್ಚರಿಕೆ: ಇಂಟರ್‌ನೆಟ್ ನಿಂತಾಗ ಯಾರನ್ನು ಮೊದಲು ಕರೆಯಬೇಕು ಅಂತ ಬರೆದಿಡಿ. ಇಲ್ಲದಿದ್ದರೆ ಇವರು ಅವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ.

ಯಾವುದು ಯಾರ ಹೆಸರಿನಲ್ಲಿದೆ?

ಜನ ಕಡಿಮೆ ಗಮನ ಕೊಡುವುದು ಇಲ್ಲೇ. ಟ್ಯಾಲಿ ಲೈಸೆನ್ಸ್ ಒಂದು ಇಮೇಲ್ ಐಡಿಗೆ ಕಟ್ಟಿಕೊಂಡಿರುತ್ತದೆ. ಆ ಐಡಿ ಯಾರದು ಅಂತ ಕೇಳಿದರೆ ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ. ಹಾಕಿಕೊಟ್ಟ ಹುಡುಗ ತನ್ನದೇ ಇಮೇಲ್ ಕೊಟ್ಟಿರುತ್ತಾನೆ. ಸಿಸ್ಟಮ್ ಬದಲಾಯಿಸಿ ಲೈಸೆನ್ಸ್ ಮತ್ತೆ ಸಕ್ರಿಯ ಮಾಡುವಾಗ ಅವನನ್ನೇ ಹುಡುಕಬೇಕು. ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈಯನ್ನೂ ತಾನೇ ಇಟ್ಟುಕೊಂಡ ಹಾಗೆ.

ಇ-ವೇ ಬಿಲ್ ಪೋರ್ಟಲ್ ಕಥೆಯೂ ಇದೇ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್, ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಎಲ್ಲರೂ ಪಾಸ್‌ವರ್ಡ್ ಜೊತೆಗೆ ಒಟಿಪಿ ಕೊಟ್ಟೇ ಒಳಗೆ ಹೋಗಬೇಕು. ನೋಂದಾಯಿಸಿದ ಮೊಬೈಲ್ ಹಳೆಯ ಗುಮಾಸ್ತನದೋ ಐಟಿ ಹುಡುಗನದೋ ಆಗಿದ್ದರೆ ರಾತ್ರಿ ಒಂಬತ್ತಕ್ಕೆ ಲಾರಿ ಬಿಡಲು ಅವನು ಫೋನ್ ಎತ್ತಬೇಕು. ಈ ಪೋರ್ಟಲ್‌ಗಳಲ್ಲಿ ಸಬ್-ಯೂಸರ್, ಅಂದರೆ ಮುಖ್ಯ ಲಾಗಿನ್‌ನ ಕೆಳಗೆ ಬೇರೆ ಲಾಗಿನ್, ಮಾಡುವ ಸೌಲಭ್ಯ ಇದೆ. ಮುಖ್ಯ ಲಾಗಿನ್ ಮಾಲೀಕರ ಮೊಬೈಲಿಗೆ ಇರಲಿ. ಬಿಲ್ ಹಾಕುವ ಪ್ರತಿಯೊಬ್ಬರಿಗೂ ಬೇರೆ ಸಬ್-ಯೂಸರ್ ಕೊಡಿ. ಕೆಲಸ ಬಿಟ್ಟವರ ಹೆಸರನ್ನು ಆ ದಿನವೇ ತೆಗೆಯಿರಿ. ಒಳ್ಳೆಯ ಐಟಿ ಕಂಪನಿ ಇದನ್ನು ತಾನಾಗಿಯೇ ಹೇಳುತ್ತದೆ. ಒಂದೇ ಪಾಸ್‌ವರ್ಡನ್ನು ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸುವ ಕಂಪನಿ ಬೇಡ.

ಡಿಜಿಟಲ್ ಸಿಗ್ನೇಚರ್ ಟೋಕನ್ ಮಾಲೀಕರ ಬೀರುವಿನಲ್ಲಿರಬೇಕು. ರೌಟರ್, ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್, ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಲಕೋಟೆಯಲ್ಲಿ ಮುಚ್ಚಿ ಕೊಡಲಿ. ವೆಬ್‌ಸೈಟ್ ಇದ್ದರೆ ಡೊಮೇನ್ ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲಿ ನೋಂದಣಿಯಾಗಿರಬೇಕು. ವೆಬ್‌ಸೈಟ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಅಡತಿ ವ್ಯಾಪಾರಕ್ಕೆ ಅದು ಮೊದಲ ಖರ್ಚಲ್ಲ.

ಬ್ಯಾಕಪ್: ಮಾತಲ್ಲ, ತೆರೆದು ತೋರಿಸಲಿ

ಒಂದು ರೈಸ್ ಮಿಲ್ಲಿನಲ್ಲಿ ಸರ್ವರ್ ಅಂತ ಕರೆಯುವ ಡಬ್ಬ ವೇಬ್ರಿಡ್ಜ್ ಕೋಣೆಯ ಮೂಲೆಯಲ್ಲಿತ್ತು. ಹಿಂದೆ ತಿರುಗಿಸಿದರೆ ಫ್ಯಾನಿನ ಜಾಲರಿ ತುಂಬ ತೌಡಿನ ಧೂಳು. ಉಗುರಲ್ಲಿ ಕೆರೆದರೆ ಪದರಪದರವಾಗಿ ಬರುತ್ತಿತ್ತು. ಬ್ಯಾಕಪ್ ಪೆನ್‌ಡ್ರೈವ್ ಅದೇ ಡಬ್ಬಕ್ಕೆ ಚುಚ್ಚಿಕೊಂಡೇ ಇತ್ತು. ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಫೋಲ್ಡರ್ ಇತ್ತು, ಒಳಗೆ ಫೈಲೂ ಇದ್ದವು. ಕೊನೆಯ ಫೈಲಿನ ತಾರೀಕು ಹಿಂದಿನ ಹಂಗಾಮಿನದು. ಪೆನ್‌ಡ್ರೈವ್ ತುಂಬಿಹೋಗಿ ಬ್ಯಾಕಪ್ ನಿಂತೇ ಹೋಗಿತ್ತು. ಎಎಂಸಿ ರಿಪೋರ್ಟಿನಲ್ಲಿ ಮಾತ್ರ ತಿಂಗಳು ತಿಂಗಳೂ ಬ್ಯಾಕಪ್ ಮುಂದೆ ಟಿಕ್ ಬಿದ್ದಿತ್ತು.

ಅಂದಿನಿಂದ ನಾನು ಹೇಳುವ ಪರೀಕ್ಷೆ ಇದು. ಕೊಟೇಶನ್ ಕೊಟ್ಟ ಪ್ರತಿ ಕಂಪನಿಯನ್ನೂ ಕೇಳಿ: "ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದು, ನಿನ್ನೆಯ ಡೇಬುಕ್ ತೋರಿಸುತ್ತೀರಾ?" ತೋರಿಸುವಾಗ ಒಂದೆರಡು ಪಾರ್ಟಿಗಳ ಬಾಕಿ ಮೊತ್ತ ಹೊಂದಿಸಿ ನೋಡಿ. ಹತ್ತು ನಿಮಿಷದ ಕೆಲಸ. ಒಪ್ಪಂದದಲ್ಲಿ ಇದು ಬರೆದಿರಲಿ. ಒಪ್ಪದವರನ್ನು ಅಲ್ಲೇ ಬಿಡಿ.

ಒಟ್ಟು ಮೂರು ಪ್ರತಿ ಇರಬೇಕು. ಅವು ಎರಡು ಬಗೆಯ ಸಾಧನದಲ್ಲಿರಬೇಕು. ಒಂದಾದರೂ ಆ ಕಟ್ಟಡದ ಹೊರಗಿರಬೇಕು. ಒಂದಂತೂ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡಿರಬಾರದು, ಯಾಕೆಂದರೆ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಬಂದರೆ ಚುಚ್ಚಿದ ಡ್ರೈವನ್ನೂ ಬಿಡುವುದಿಲ್ಲ. ಹಳೆಯ ವರ್ಷಗಳ ಡೇಟಾ ಕೂಡ ಮರೆಯಬೇಡಿ. ಜಿಎಸ್‌ಟಿ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ (ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ) ಇರಲೇಬೇಕು. ಅದನ್ನು ಆಫ್ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಯಾವ ಕೆಲಸವನ್ನೂ ಮಾಡಿಸಬೇಡಿ.

ಮನೆಯಿಂದಲೇ ಟ್ಯಾಲಿ ನೋಡುವ ಆಸೆ

ಮಾಲೀಕರು ರಾತ್ರಿ ಮನೆಯಲ್ಲಿ ಕೂತು ಸ್ಟಾಕ್ ನೋಡಬೇಕು ಅನ್ನುತ್ತಾರೆ. ತಪ್ಪಿಲ್ಲ. ಅದನ್ನು ಹೇಗೆ ಮಾಡಿಕೊಡುತ್ತಾರೆ ಅನ್ನುವುದರಲ್ಲಿ ಕಂಪನಿಯ ಯೋಗ್ಯತೆ ಗೊತ್ತಾಗುತ್ತದೆ. ರೌಟರಿನಲ್ಲಿ 3389 ಪೋರ್ಟ್ (ಹೊರಗಿನಿಂದ ಕಂಪ್ಯೂಟರಿಗೆ ಬರುವ ಬಾಗಿಲು) ತೆರೆದು ರಿಮೋಟ್ ಡೆಸ್ಕ್‌ಟಾಪ್ ಕೊಡುವುದು ಐದು ನಿಮಿಷದ ಕೆಲಸ. ಹಾಗೆ ತೆರೆದ ಪೋರ್ಟ್‌ಗಳನ್ನು ಹುಡುಕುವ ಪ್ರೋಗ್ರಾಂಗಳು ಇಂಟರ್‌ನೆಟ್‌ನಲ್ಲಿ ಹಗಲು ರಾತ್ರಿ ಓಡುತ್ತಿರುತ್ತವೆ. ಪಾಸ್‌ವರ್ಡ್ ಅಂಗಡಿಯ ಹೆಸರು ಮತ್ತು 123 ಆಗಿದ್ದರೆ ಒಳಗೆ ಬರಲು ಹೊತ್ತು ಬೇಕಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಫೈಲ್ ಲಾಕ್ ಆಗಿ, ದುಡ್ಡು ಕೇಳುವ ಚೀಟಿ ಪರದೆಯ ಮೇಲೆ ಇರುತ್ತದೆ.

ವಿಪಿಎನ್ (ಹೊರಗಿನವರಿಗೆ ಕಾಣದ ಖಾಸಗಿ ದಾರಿ) ಹಾಕುತ್ತೇವೆ, ಒಟಿಪಿ ಇಡುತ್ತೇವೆ ಅನ್ನುವವರು ಸರಿ. ಟ್ಯಾಲಿಯನ್ನು ಕ್ಲೌಡ್ ಸರ್ವರ್‌ನಲ್ಲಿ ಇಟ್ಟುಕೊಡುವವರೂ ಇದ್ದಾರೆ. ಆಗ ತಿಂಗಳ ಬಾಡಿಗೆ ಬರುತ್ತದೆ, ಮತ್ತು ನೆಟ್ ಹೋದರೆ ಬಿಲ್ಲೇ ನಿಲ್ಲುತ್ತದೆ. ರಸ್ತೆ ಅಗೆಯುವ ಜೆಸಿಬಿಗೆ ಫೈಬರ್ ಕೇಬಲ್ ಸಿಕ್ಕು ನೆಟ್ ಹೋಗುವುದು ನಮಗೆ ಹೊಸದಲ್ಲ. ಕ್ಲೌಡ್‌ಗೆ ಹೋಗುವವರು ಒಂದು ಕಂಪನಿಯ ಫೈಬರ್ ಜೊತೆ ಇನ್ನೊಂದು ಕಂಪನಿಯ ಸಿಮ್ ಇರುವ ರೌಟರನ್ನೂ ಇಟ್ಟುಕೊಳ್ಳಬೇಕು. ಇದನ್ನು ಹೇಳದೆ ಕ್ಲೌಡ್ ಮಾರುವವರು ನಿಮ್ಮ ಊರು ನೋಡಿಲ್ಲ ಅಂತಲೇ ತಿಳಿಯಿರಿ.

ದಾಳಿ ಆದರೆ ಏನು ಮಾಡುತ್ತೀರಿ ಅಂತ ಎಲ್ಲರನ್ನೂ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಸೂಚನೆ ಪ್ರಕಾರ ಇಂಥ ಘಟನೆಯನ್ನು ಕಂಪನಿಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು. ಈ ಎರಡೂ ಗೊತ್ತಿಲ್ಲದ ಕಂಪನಿಗೆ ಭದ್ರತೆಯ ಕೆಲಸ ಕೊಡಬೇಡಿ.

ಬಿಸಿಲು, ಧೂಳು, ಕರೆಂಟು

ಏಪ್ರಿಲ್–ಮೇನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಯುಪಿಎಸ್‌ನ ಲೆಡ್-ಆಸಿಡ್ ಬ್ಯಾಟರಿಯ ಬಾಳಿಕೆಯನ್ನು ಕಂಪನಿಗಳು ಸಾಮಾನ್ಯವಾಗಿ 25 ಡಿಗ್ರಿಗೆ ಲೆಕ್ಕ ಹಾಕುತ್ತವೆ. ಸುಮಾರು 10 ಡಿಗ್ರಿ ಹೆಚ್ಚಾದರೆ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ. ತಗಡಿನ ಶೆಡ್ಡಿನಲ್ಲಿಟ್ಟ ಯುಪಿಎಸ್ ಬೇಗ ಕೈಕೊಡುವುದು ಇದಕ್ಕೇ. ಎಎಂಸಿಯಲ್ಲಿ ಬೇಸಿಗೆಗೆ ಮುಂಚೆ ಬ್ಯಾಟರಿ ಪರೀಕ್ಷೆ, ಮಿಲ್ಲುಗಳಲ್ಲಿ ತಿಂಗಳಿಗೊಮ್ಮೆ ಧೂಳು ಊದಿ ತೆಗೆಯುವುದು ಸೇರಿದೆಯಾ ನೋಡಿ. ವರ್ಷಕ್ಕೆ ನಾಲ್ಕು ಭೇಟಿ ಅನ್ನುವ ನಗರದ ಲೆಕ್ಕ ರೈಸ್ ಮಿಲ್ಲಿಗೆ ಸಾಲುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಮನೆ ಬಾಗಿಲಿಗೆ ವಾರಂಟಿ ಇದೆ ಅಂದರೆ ನಿಮ್ಮ ಪಿನ್‌ಕೋಡ್ ಹೇಳಿ ಎಷ್ಟು ದಿನಕ್ಕೆ ಬರುತ್ತಾರೆ ಅಂತ ಕೇಳಿ. ರಾಯಚೂರು ನಗರಕ್ಕೆ ಇರುವ ಸಮಯ ಲಿಂಗಸುಗೂರಿಗೆ ಇರಲಿಕ್ಕಿಲ್ಲ.

ಹಳೆಯ ಕಂಪ್ಯೂಟರ್ ವಿಷಯದಲ್ಲಿ ಕಂಪನಿಯ ಪ್ರಾಮಾಣಿಕತೆ ತಿಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಮತ್ತು ತಕ್ಕಮಟ್ಟಿಗೆ ಹೊಸ ಪ್ರೊಸೆಸರ್ ಬೇಕು. ಒಂದೊಂದು ಕಂಪ್ಯೂಟರನ್ನೂ ನೋಡಿ, ಇದಕ್ಕೆ ಹೊಸ ವಿಂಡೋಸ್ ಹಿಡಿಯುತ್ತದೆ, ಇದಕ್ಕಿಲ್ಲ ಅಂತ ಪಟ್ಟಿ ಕೊಟ್ಟವರನ್ನು ನಂಬಬಹುದು. ಬಾಗಿಲಲ್ಲೇ ನಿಂತು ಎಲ್ಲಾ ಬದಲಾಯಿಸಿ ಅಂದವರು ಕಂಪ್ಯೂಟರ್ ಮಾರಲು ಬಂದವರು.

ಬಿಲ್ಲು ಮತ್ತು ಒಪ್ಪಂದ

ಐಟಿ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ಹತ್ತಿ, ಜೀನ್ಸ್ ವ್ಯಾಪಾರಿಗಳಿಗೆ ಅದು ಇನ್‌ಪುಟ್ ಆಗಿ ಸಿಗುತ್ತದೆ, ಅಂದರೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಆದರೆ 25 ಕೆ.ಜಿ.ಗಿಂತ ದೊಡ್ಡ ಚೀಲದಲ್ಲಿ ಅಕ್ಕಿ ಮಾರುವವರ ಮಾರಾಟಕ್ಕೆ ತೆರಿಗೆಯೇ ಇಲ್ಲ, ಆ ಮಟ್ಟಿಗೆ ಇನ್‌ಪುಟ್ಟೂ ಸಿಗುವುದಿಲ್ಲ. ಹಾಗಾಗಿ ರೈಸ್ ಮಿಲ್ಲಿನವರು ತೆರಿಗೆ ಸೇರಿಸಿದ ಮೊತ್ತವನ್ನೇ ಹೋಲಿಸಬೇಕು. ಬಿಲ್ ಇಲ್ಲದೆ ಕಡಿಮೆಗೆ ಮಾಡುತ್ತೇವೆ ಅನ್ನುವವರು ನಾಳೆ ಡೇಟಾ ಹೋದರೆ ನಾವು ಕೆಲಸವನ್ನೇ ಮಾಡಿಲ್ಲ ಅನ್ನಬಹುದು. ನಿಮ್ಮ ಹತ್ತಿರ ಕಾಗದ ಇರುವುದಿಲ್ಲ.

ಎರಡು ಎಎಂಸಿಗಳ ದರ ಹೋಲಿಸುವಾಗ ಬಿಡಿಭಾಗ ಸೇರಿದೆಯಾ ನೋಡಿ. ಸೇರಿದ್ದರೆ ದರ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ಅವೆರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಅಗ್ಗ ಅನ್ನುವುದಕ್ಕೆ ಅರ್ಥವಿಲ್ಲ. ಹಣ ಒಂದೇ ಸಲ ಕೊಡಬೇಡಿ, ಮೂರು ತಿಂಗಳಿಗೊಮ್ಮೆ ಕೊಡಿ. ಕೊಡಬೇಕಾದಾಗ ತಡವೂ ಮಾಡಬೇಡಿ. ಐಟಿ ಕಂಪನಿ ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆಯಾಗಿದ್ದರೆ ಲಿಖಿತ ಒಪ್ಪಂದ ಇದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ಆ ಗಡುವು ಮೀರಿ, ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಆ ವರ್ಷಕ್ಕೆ ತೋರಿಸಲು ಬರುವುದಿಲ್ಲ.

ಆಸ್ಪತ್ರೆ, ಲ್ಯಾಬ್ ನಡೆಸುವವರಿಗೆ ಇನ್ನೊಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ರೋಗಿಗಳ ಮಾಹಿತಿ ಐಟಿ ಕಂಪನಿಯ ಕೈಯಿಂದ ಸೋರಿದರೂ ಹೊಣೆ ಆಸ್ಪತ್ರೆಯದೇ. ಲಿಖಿತ ಒಪ್ಪಂದ ಇಲ್ಲದೆ ಯಾರಿಗೂ ರೋಗಿಗಳ ಡೇಟಾ ಮುಟ್ಟಲು ಬಿಡಬೇಡಿ.

ಬದಲಾಯಿಸುವುದಾದರೆ ಯಾವಾಗ?

ಮಾರ್ಚ್‌ನಲ್ಲಿ ಬೇಡ, ವರ್ಷದ ಲೆಕ್ಕ ಮುಗಿಸುವ ಕಾಲ ಅದು. ಬೇಸಿಗೆ ಭತ್ತ ಬರುವ ಏಪ್ರಿಲ್–ಮೇನಲ್ಲೂ ಬೇಡ. ಹತ್ತಿ, ಭತ್ತ ಎರಡೂ ಬರುವ ಅಕ್ಟೋಬರ್ ನಂತರವಂತೂ ಬೇಡವೇ ಬೇಡ. ಜುಲೈ–ಆಗಸ್ಟ್ ಸರಿಯಾದ ಹೊತ್ತು. ಹೊಸ ಕಂಪನಿಗೆ ಮೊದಲು ಮೂರು ತಿಂಗಳು ಮಾತ್ರ ಕೊಡಿ. ಹಳೆಯ ಕಂಪನಿಯ ಒಪ್ಪಂದ ಇನ್ನೂ ಒಂದು ತಿಂಗಳು ಇರುವಾಗಲೇ ಹೊಸಬರನ್ನು ಕರೆಯಿರಿ. ಇಬ್ಬರೂ ಒಟ್ಟಿಗೆ ಕೂತು ಪಾಸ್‌ವರ್ಡ್ ಪಟ್ಟಿ, ಲೈಸೆನ್ಸ್ ಇಮೇಲ್, ಬ್ಯಾಕಪ್ ಜಾಗ ಒಂದೊಂದಾಗಿ ಹಸ್ತಾಂತರಿಸಲಿ. ಪಟ್ಟಿಗೆ ಇಬ್ಬರ ಸಹಿ ಹಾಕಿಸಿ. ಅವತ್ತೇ ಎಲ್ಲ ಪಾಸ್‌ವರ್ಡ್ ಬದಲಾಯಿಸಿ. ಹಳಬರು ಕಂಪ್ಯೂಟರುಗಳಲ್ಲಿ ಹಾಕಿಟ್ಟ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ, ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ ತೆಗೆಸಿ. ಹಳಬರ ಕೊನೆಯ ಬಿಲ್ಲಿನ ಹಣವನ್ನು ಆ ಸಹಿ ಬಿದ್ದ ದಿನವೇ ಕೊಟ್ಟುಬಿಡಿ.